ಗಾರ್ಮೆಂಟ್ಸ್ ಕೆಲಸ, ಎರಡನೇ ಬಸುರಿಗೆ ಐದು ತಿಂಗಳು. ರಾಜೀನಾಮೆ ಕೊಡದೆ ಬೇರೆ ದಾರಿ ಇದೆಯಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪೀಣ್ಯದಲ್ಲಿ ಮೂರೂವರೆ ವರ್ಷದಿಂದ ಟೈಲರ್ ಆಗಿದ್ದೀರಿ, ಈಗ ಎರಡನೇ ಮಗುವಿಗೆ ಐದು ತಿಂಗಳ ಬಸುರಿ, ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದಿದೆ. ಸೂಪರ್‌ವೈಸರ್ "ಪಿಎಫ್ ತೆಗೆಸ್ಕೊಂಡು ಹೋಗಮ್ಮ, ಮಗು ದೊಡ್ಡದಾದ ಮೇಲೆ ಹೊಸದಾಗಿ ಸೇರ್ಕೋ" ಅಂತಿದ್ದಾರೆ. ನಮ್ಮಂಥವರಿಗೆ ಸರ್ಕಾರದ್ದು ಅಂತ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೆ ಅದರಲ್ಲಿ ಬಹುಪಾಲು ಸಿಗೋದು ಫ್ಯಾಕ್ಟರಿಯ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಇರುವವರೆಗೆ ಮಾತ್ರ. ಅದಕ್ಕೇ ಮೊದಲು ಹೇಳ್ತಿದ್ದೀನಿ: ರಾಜೀನಾಮೆ ಬರೆದುಕೊಡಬೇಡಿ. "ಸುಮ್ಮನೆ ಒಂದು ಸೈನ್ ಹಾಕಿರಮ್ಮ" ಅಂದರೂ ಖಾಲಿ ಹಾಳೆಗೆ ಸಹಿ ಹಾಕಬೇಡಿ.

ನಾನು ಹಾಕಿದ್ದೆ. 2011ರಲ್ಲಿ, ಏಳು ತಿಂಗಳ ಬಸುರಿ ಆಗಿದ್ದಾಗ. ನಿಮಗೆ ಹೇಳಿದ ಮಾತನ್ನೇ ನನಗೂ ಹೇಳಿದ್ದರು. ನಾಲ್ಕು ವರ್ಷ ಎರಡು ತಿಂಗಳು ಸರ್ವೀಸ್ ಆಗಿತ್ತು. ಪಿಎಫ್ ದುಡ್ಡು ಬಂತು, ಪ್ರೈವೇಟ್ ನರ್ಸಿಂಗ್ ಹೋಮ್‌ನಲ್ಲಿ ಹೆರಿಗೆ ಆಯಿತು, ದುಡ್ಡು ಅಲ್ಲೇ ಮುಗಿಯಿತು. ಪ್ರತಿ ತಿಂಗಳೂ ನನ್ನ ಸಂಬಳದಲ್ಲಿ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಅಂತ ಹಿಡಿಯುತ್ತಿದ್ದರಲ್ಲ, ಆ ಕಾರ್ಡ್ ತೋರಿಸಿದ್ದರೆ ಹೆರಿಗೆ ಖರ್ಚೇ ಇರುತ್ತಿರಲಿಲ್ಲ, ಅದರ ಮೇಲೆ ಭತ್ಯೆಯೂ ಬರುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಮಗಳನ್ನು ಊರಲ್ಲಿ ಅಮ್ಮನ ಹತ್ತಿರ ಬಿಟ್ಟು ಒಂದೂವರೆ ವರ್ಷದ ಮೇಲೆ ಅದೇ ಫ್ಯಾಕ್ಟರಿಗೆ ವಾಪಸ್ ಬಂದೆ. ಹೊಸ ಟೋಕನ್ ನಂಬರ್, ಹೊಸಬರ ಸಂಬಳ, ಸರ್ವೀಸ್ ಸೊನ್ನೆಯಿಂದ ಶುರು. ಹಬ್ಬಕ್ಕೆ ಊರಿಗೆ ಹೋದರೆ ಮಗಳು ಅಜ್ಜಿಯನ್ನು ಅಮ್ಮ ಅಂತಿದ್ದಳು, ನನ್ನನ್ನು ಬೆಂಗಳೂರಮ್ಮ ಅಂತಿದ್ದಳು.

ಈಗ ನಿಮ್ಮ ವಿಷಯ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ನೀವು ಇಎಸ್‌ಐಗೆ ಬರುತ್ತೀರಿ. ಪೇ ಸ್ಲಿಪ್‌ನಲ್ಲಿ ನಿಮ್ಮಿಂದ ಶೇ. 0.75 ಹಿಡಿದಿರುತ್ತಾರೆ, ಕಂಪನಿ ಶೇ. 3.25 ಸೇರಿಸಿ ಕಟ್ಟಬೇಕು. ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ. ಮೊದಲು 12 ವಾರ ಇತ್ತು, 2017ರಲ್ಲಿ ಹೆಚ್ಚಿಸಿದರು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೊಳ್ಳಬಹುದು. ದುಡ್ಡು ಕೊಡೋದು ಕಂಪನಿ ಅಲ್ಲ, ಇಎಸ್‌ಐ. ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತೆ, ದಿನದ ಸರಾಸರಿ ಸಂಬಳ ಪೂರ್ತಿ ಕೊಡುತ್ತಾರೆ. ನಿಮ್ಮ ಸರಾಸರಿ 500 ರೂಪಾಯಿ ಅಂದುಕೊಂಡರೆ 182 ದಿನಕ್ಕೆ 91,000 ರೂಪಾಯಿ. "ನಿನಗೆ ಕೂರಿಸಿ ಸಂಬಳ ಕೊಡೋಕೆ ಕಂಪನಿಗೆ ಆಗುತ್ತಾ" ಅಂತ ಯಾರಾದರೂ ಕೇಳಿದರೆ ಈ ಮಾತು ನೆನಪಿರಲಿ. ನೀವು ರಜೆಯಲ್ಲಿದ್ದಾಗ ಆ ದುಡ್ಡು ಕಂಪನಿಯ ಜೇಬಿನಿಂದ ಹೋಗೋದಿಲ್ಲ.

ಷರತ್ತು ಇಷ್ಟೇ. ಹೆರಿಗೆಗೆ ಹಿಂದಿನ ಎರಡು ವಂತಿಗೆ ಅವಧಿಯಲ್ಲಿ, ಅಂದರೆ ಒಂದು ವರ್ಷದ ಲೆಕ್ಕದಲ್ಲಿ, ಕನಿಷ್ಠ 70 ದಿನಕ್ಕೆ ವಂತಿಗೆ ಕಟ್ಟಿರಬೇಕು. ಮೂರೂವರೆ ವರ್ಷ ಬಿಡದೆ ದುಡಿದ ನಿಮಗೆ ಇದು ಕಷ್ಟವಲ್ಲ. ಆದರೂ ಸಂಬಳದಲ್ಲಿ ಹಿಡಿದದ್ದು ನಿಜವಾಗಿ ಕಟ್ಟಿದ್ದಾರಾ ಅಂತ ನೋಡಿಕೊಳ್ಳಿ. ಇಎಸ್‌ಐ ಡಿಸ್ಪೆನ್ಸರಿಗೆ ಈ ವಾರವೇ ಹೋಗಿ ಬಸುರಿನ ಸರ್ಟಿಫಿಕೇಟ್ ಮಾಡಿಸಿ.

ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವ ಹಾಗಿಲ್ಲ, ಅದು ಕಾನೂನಿಗೆ ವಿರುದ್ಧ. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, "ಹಳೇ ಕಾನೂನು ಹೋಯ್ತು" ಅಂತ ಕೆಲವರು ಹೆದರಿಸುತ್ತಾರೆ. ಸೆಕ್ಷನ್ ನಂಬರ್ ಬದಲಾಗಿದೆ, 26 ವಾರ ಹಾಗೇ ಇದೆ.

ಪಿಎಫ್ ಮಾತಿಗೆ ಬರೋಣ. ಪಿಎಫ್ ತೆಗೆಯುವವರನ್ನು ನಾನು ಬೈಯುವುದಿಲ್ಲ. ನಮಗೆ ಕಷ್ಟಕ್ಕೆ ಅಂತ ಇರೋದು ಅದೊಂದೇ ಗಂಟು. 2016ರಲ್ಲಿ ಪಿಎಫ್ ತೆಗೆಯೋ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ಳಬೇಕಾಯಿತು. ಆದರೆ ಬಿಟ್ಟು ಸೇರೋದರಲ್ಲಿ ನಾವು ಕಳೆದುಕೊಳ್ಳೋದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವೀಸಿನ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ದುಡ್ಡು. ಐದು ವರ್ಷ ತುಂಬಿದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಬೇಸಿಕ್, ಡಿಎ ಸೇರಿ 13,000 ಇದ್ದರೆ ಐದು ವರ್ಷಕ್ಕೆ 37,500 ರೂಪಾಯಿ. ಹೆರಿಗೆ ರಜೆಯ 26 ವಾರವೂ ಸರ್ವೀಸಿಗೆ ಸೇರುತ್ತೆ. ಈಗ ಬಿಟ್ಟರೆ ನಿಮ್ಮ ಮೂರೂವರೆ ವರ್ಷವೂ ನನ್ನ ನಾಲ್ಕು ವರ್ಷದ ಹಾಗೇ ಹೋಗುತ್ತೆ.

ರಜೆ ಮುಗಿದ ಮೇಲಿನದ್ದೇ ದೊಡ್ಡ ಕಷ್ಟ. ನನ್ನ ಕಣ್ಣ ಮುಂದೆ ಎಷ್ಟೋ ಜನ 26 ವಾರ ಪೂರ್ತಿ ತಗೊಂಡು, ವಾಪಸ್ ಬಂದು, ಎರಡೇ ತಿಂಗಳಲ್ಲಿ ಬಿಟ್ಟು ಹೋದರು. ಕಾರಣ ಮಗುವನ್ನು ಬಿಡೋಕೆ ಜಾಗ ಇಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ಗಂಡಸರು ಹೆಂಗಸರು ಎಲ್ಲ ಸೇರಿ 50. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು, ಅದರಲ್ಲಿ ಊಟದ ವಿರಾಮವೂ ಒಂದು.

2018ರಲ್ಲಿ ಮಗ ಹುಟ್ಟಿದಾಗ ನಾನು ಕೆಲಸ ಬಿಡಲಿಲ್ಲ. ಕ್ರೆಶ್ ಇತ್ತು, ಆದರೆ ಲೈನ್ ಬಿಟ್ಟು ಏಳೋದೇ ಯುದ್ಧ. ಹನ್ನೊಂದು ಗಂಟೆಗೆ ಎದೆಹಾಲು ಇಳಿದು ರವಿಕೆ ಒದ್ದೆಯಾಗೋದು, ಮಿಷಿನ್ ಪಕ್ಕದಲ್ಲಿ ಕಾಲರ್ ಬಂಡಲ್ ಗುಡ್ಡೆ ಬಿದ್ದಿರೋದು. ಎದ್ದರೆ ಸೂಪರ್‌ವೈಸರ್ "ಪ್ರೊಡಕ್ಷನ್ ನಿಲ್ಲುತ್ತೆ" ಅಂತ ಕೂಗೋದು. ಹಿಂದಿನ ಮಿಷಿನ್‌ನ ಗೆಳತಿ ನನ್ನ ಬಂಡಲ್ ಎಳೆದುಕೊಂಡು ತಾನೇ ಹೊಲಿಯುತ್ತಿದ್ದಳು, "ಓಡೇ, ಹಾಲು ಕೊಟ್ಟು ಬಾ" ಅಂತಿದ್ದಳು. ಎರಡು ವಾರ ಹೀಗೆ ಕದ್ದು ಹೋದಮೇಲೆ ನಾವು ಏಳು ಜನ ತಾಯಂದಿರು ಸೇರಿ ನಾಲ್ಕು ಸಲದ ನಿಯಮ ಇರೋ ಪುಟ ಜೆರಾಕ್ಸ್ ಮಾಡಿಸಿ ಎಚ್‌ಆರ್ ಮೇಜಿನ ಮೇಲೆ ಇಟ್ಟೆವು. ಮಾರನೇ ದಿನದಿಂದ ಯಾರೂ ಕೂಗಲಿಲ್ಲ. ಒಬ್ಬಳೇ ಹೋಗಿದ್ದರೆ ಆ ಹಾಳೆ ಕಸದ ಬುಟ್ಟಿಗೆ ಹೋಗುತ್ತಿತ್ತು ಅನ್ನೋದು ನನ್ನ ನಂಬಿಕೆ. ನಿಮ್ಮ ಲೈನ್‌ನಲ್ಲೂ ಸಣ್ಣ ಮಕ್ಕಳ ತಾಯಂದಿರು ಇರುತ್ತಾರೆ, ಈಗಲೇ ಮಾತಾಡಿಕೊಳ್ಳಿ.

ಅತ್ತೆಯವರ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ, ಒಂದು ಬೇಸರದ್ದು. ಹೊಸ ಸಂಹಿತೆಯಲ್ಲಿ ದುಡಿಯುವ ಹೆಣ್ಣುಮಗಳ 'ಕುಟುಂಬ'ದೊಳಗೆ ಅವಳನ್ನೇ ಅವಲಂಬಿಸಿರುವ ಅತ್ತೆ ಮಾವನನ್ನೂ ಸೇರಿಸಿದ್ದಾರೆ, ಅವರ ಆದಾಯಕ್ಕೆ ಮಿತಿ ಇದೆ. ನಿಮ್ಮ ಯಜಮಾನರಿಗೆ ಇಎಸ್‌ಐ ಇದ್ದರೆ ಅವರ ಕಾರ್ಡ್‌ನಲ್ಲೇ ಅವರ ತಾಯಿಯನ್ನು ಸೇರಿಸಬಹುದು. ಚಿಕಿತ್ಸೆ ಖರ್ಚು ಅಷ್ಟು ಹಗುರಾಗುತ್ತೆ.

ಬೇಸರದ ಮಾತು ಅಂದರೆ ಅವರನ್ನು ನೋಡಿಕೊಳ್ಳೋಕೆ ಅಂತ ನಿಮಗಾಗಲಿ ಯಜಮಾನರಿಗಾಗಲಿ ಪ್ರತ್ಯೇಕ ರಜೆ ಕಾನೂನಲ್ಲಿ ಇಲ್ಲ. ಮಗು ಹುಟ್ಟಿದಾಗ ಕೇಂದ್ರ ಸರ್ಕಾರಿ ನೌಕರ ತಂದೆಗೆ 15 ದಿನ ರಜೆ ಇದೆ, ಅಲ್ಲಿನ ತಾಯಂದಿರಿಗೆ ಮಕ್ಕಳ ಆರೈಕೆಗೆ ಸರ್ವೀಸಿನಲ್ಲಿ 730 ದಿನ ಇದೆ. ನಮ್ಮ ರಾಜ್ಯ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಕೊಟ್ಟಿತು. ಫ್ಯಾಕ್ಟರಿಯ ತಂದೆಗೆ ಒಂದು ದಿನವೂ ಇಲ್ಲ. ಮಕ್ಕಳು, ವಯಸ್ಸಾದವರು, ಕಾಯಿಲೆಯವರನ್ನು ನೋಡಿಕೊಳ್ಳುತ್ತಲೇ ದುಡಿಯುವ ಗಂಡಸು ಹೆಂಗಸು ಇಬ್ಬರಿಗೂ ತೊಂದರೆ ಆಗಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲೇ 156ನೇ ಒಪ್ಪಂದ ಮಾಡಿತು. ಭಾರತ ಅದನ್ನು ಇನ್ನೂ ಒಪ್ಪಿಲ್ಲ. ಮನೆಯವರನ್ನು ನೋಡಿಕೊಳ್ಳೋದು ಹೆಂಗಸಿನ ಪಾಲು, ಅದೂ ಹೆರಿಗೆ ಹೊತ್ತಿನಲ್ಲಿ ಮಾತ್ರ ಅಂತ ಕಾನೂನು ಅಂದುಕೊಂಡಿರೋದು ನನಗೆ ಸರಿ ಕಾಣುವುದಿಲ್ಲ. ಸಾಧ್ಯ ಆದರೆ ಯಜಮಾನರು ಗಳಿಕೆ ರಜೆ ಉಳಿಸಿಟ್ಟುಕೊಳ್ಳಲಿ, ಹೆರಿಗೆಯ ವಾರಕ್ಕೆ ಬೇಕಾಗುತ್ತೆ.

ಇನ್ನೊಂದು: ರಜೆ ಬೇಕು ಅಂತ ಕಂಪನಿಗೆ ಕೊಡೋ ಅರ್ಜಿ ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಸೀಲು ಹಾಕೋದಿಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಷ್ಟಾದ ಮೇಲೂ ಒತ್ತಾಯ ಮಾಡಿದರೆ ಬನ್ನೇರುಘಟ್ಟ ರಸ್ತೆಯಲ್ಲಿರೋ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನಕ್ಕೆ ಆ ಪ್ರತಿ ಹಿಡಿದುಕೊಂಡೇ ಹೋಗಿ.

ಕಳೆದ ಒಂದು ವರ್ಷದ ಪೇ ಸ್ಲಿಪ್ ತೆಗೆದು ಯಾವ ತಿಂಗಳು ಎಷ್ಟು ದಿನದ ಸಂಬಳ ಆಗಿದೆ, ಹೆರಿಗೆ ತಾರೀಕು ಯಾವಾಗ ಕೊಟ್ಟಿದ್ದಾರೆ ಅಂತ ಇಲ್ಲಿ ಬರೆಯಿರಿ. ಹೆಸರು, ಇಎಸ್‌ಐ ನಂಬರ್ ಹಾಕಬೇಡಿ. 70 ದಿನ ಆಗುತ್ತಾ, ಕೈಗೆ ಎಷ್ಟು ಬರಬಹುದು, ನಾನೇ ಲೆಕ್ಕ ಹಾಕಿ ಹೇಳ್ತೀನಿ.