ಒಂದು ಸೆಲ್ಲು, ಒಂದು ಕಾಯುವ ತಂತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದೇ ಲಿಥಿಯಂ ಸೆಲ್ಲಿನಿಂದ ನಡೆಯುವ, ಕೈಯಲ್ಲಿ ಹಿಡಿದು ಥರ್ಮೋಕೋಲ್ ಕತ್ತರಿಸುವ ಕಾದ ತಂತಿಯ ಉಪಕರಣವನ್ನು ಸ್ವತಃ ಮಾಡಿಕೊಳ್ಳುತ್ತಿರುವವರ ಪ್ರಶ್ನೆಗಳಿವು. ಇ-ಸಿಗರೇಟಿನ ಒಳಗಿರುವುದೂ ಹೆಚ್ಚುಕಡಿಮೆ ಇದೇ ಜೋಡಣೆ: ಸೆಲ್ಲು, ಗುಂಡಿ, ಕಾಯುವ ತಂತಿ. ಆ ಕುರಿತ ಎರಡು ಪ್ರಶ್ನೆಗಳನ್ನೂ ಇಲ್ಲೇ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: 18650 ಎಂಬ ಗಾತ್ರದ ಲಿಥಿಯಂ ಸೆಲ್ಲಿಗೆ 0.4 ಮಿ.ಮೀ. ದಪ್ಪದ ನೈಕ್ರೋಮ್ ತಂತಿಯನ್ನು 10 ಸೆಂ.ಮೀ. ಉದ್ದಕ್ಕೆ ಬಿಗಿದೆ. ಕೆಂಪಗೆ ಕಾದು, ಸ್ವಲ್ಪ ಹೊತ್ತಿಗೆ ತುಂಡಾಗುತ್ತಿದೆ. ಇನ್ನೂ ದಪ್ಪ ತಂತಿ ಬೇಕೇ?

ಉತ್ತರ: ದಪ್ಪ ಬೇಡ, ಉದ್ದ ಬೇಕು. 0.4 ಮಿ.ಮೀ. ನೈಕ್ರೋಮ್ 80 (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಯ ರೋಧ ಮೀಟರಿಗೆ ಸುಮಾರು 8.7 ಓಮ್. 10 ಸೆಂ.ಮೀ.ಗೆ 0.87 ಓಮ್ ಆಯಿತು. ಪೂರ್ತಿ ಚಾರ್ಜಾದ ಸೆಲ್ಲು 4.2 ವೋಲ್ಟ್ ಕೊಡುವಾಗ ಅದರಲ್ಲಿ ಹರಿಯುವುದು 4.8 ಆಂಪಿಯರ್, ಅಂದರೆ ಗೇಣುದ್ದವೂ ಇಲ್ಲದ ತಂತಿಯಲ್ಲಿ 20 ವ್ಯಾಟ್. ಕೆಂಪಗಾಗದೆ ಇನ್ನೇನಾದೀತು?

25 ಸೆಂ.ಮೀ. ಹಾಕಿ ನೋಡಿ. ರೋಧ ಸುಮಾರು 2.2 ಓಮ್ ಆಗುತ್ತದೆ. ಸೆಲ್ಲು 4.2 ವೋಲ್ಟಿನಲ್ಲಿದ್ದಾಗ 1.9 ಆಂಪಿಯರ್, 3.7ಕ್ಕೆ ಇಳಿದಾಗ 1.7, 3.2ಕ್ಕೆ ಬಂದಾಗ 1.5 ಹರಿಯುತ್ತದೆ. ಈ ದಪ್ಪದ ತಂತಿ ಥರ್ಮೋಕೋಲ್ ಕತ್ತರಿಸುವುದಕ್ಕೆ ಬೇಕಾದ ಕಾವು ಇಷ್ಟರಲ್ಲೇ ಸಿಗುತ್ತದೆ. 2600 ಮಿಲಿಆಂಪಿಯರ್-ಅವರ್‌ನ ಸೆಲ್ಲಾದರೆ ಒಂದೂವರೆ ಗಂಟೆ ಕೆಲಸ ನಡೆಯುತ್ತದೆ. ಸರಿಯಾದ ಕಾವಿನಲ್ಲಿ ತಂತಿಯ ಬಣ್ಣ ಬದಲಾಗಬಾರದು. ಥರ್ಮೋಕೋಲ್ ಅದರ ಮುಂದೆ ಸದ್ದಿಲ್ಲದೆ ಕರಗಿ ದಾರಿ ಬಿಡುತ್ತದೆ, ಕತ್ತರಿಸಿದ ಮುಖ ನಯವಾಗಿರುತ್ತದೆ. ಮುಖದ ಮೇಲೆ ಕೂದಲಿನಂಥ ಎಳೆಗಳು ಬಂದರೆ ಕಾವು ಕಡಿಮೆಯಾಗಿದೆ ಅಥವಾ ನೀವು ಅವಸರದಲ್ಲಿ ತಳ್ಳುತ್ತಿದ್ದೀರಿ. ಸೀಳು ತಂತಿಗಿಂತ ತೀರಾ ಅಗಲವಾಗಿ ಒಳಗೆ ಗುಳಿ ಬಿದ್ದರೆ ಕಾವು ಹೆಚ್ಚಾಗಿದೆ.

ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯುವಾಗ ಮೊದಲು ಎರಡು ಕಡ್ಡಿಗಳ ತುದಿ ಒಂದಕ್ಕೊಂದು ಮುಟ್ಟಿಸಿ. ಅಲ್ಲೇ 0.3 ಓಮ್ ತೋರಿಸಿದರೆ ಅದು ಮೀಟರಿನ ವೈರಿನದು, ಅದನ್ನು ಕಳೆದು ಲೆಕ್ಕ ಹಾಕಿ. ಇಷ್ಟು ಸಣ್ಣ ರೋಧ ಅಳೆಯುವಾಗ ಆ 0.3 ಇಡೀ ಲೆಕ್ಕವನ್ನೇ ಕೆಡಿಸುತ್ತದೆ.

ಪ್ರಶ್ನೆ: ತಂತಿ ತಣ್ಣಗಿದ್ದಾಗ ಬಿಗಿಯಾಗಿಯೇ ಇರುತ್ತದೆ, ಕಾದ ಕೂಡಲೇ ಜೋತು ಬೀಳುತ್ತದೆ. ಇನ್ನೊಂದು, ಅದಕ್ಕೆ ಬೆಸುಗೆಯೂ ಹಿಡಿಯುತ್ತಿಲ್ಲ.

ಉತ್ತರ: 25 ಸೆಂ.ಮೀ. ನೈಕ್ರೋಮ್ 300 ಡಿಗ್ರಿ ಕಾದರೆ ಒಂದು ಮಿ.ಮೀ.ಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಜೋತು ಬೀಳಲು ಅಷ್ಟೇ ಸಾಕು. ಒಂದು ತುದಿಗೆ ಪುಟ್ಟ ಎಳೆಯುವ ಸ್ಪ್ರಿಂಗ್ ಕೊಡಿ. ಆದರೆ ಕರೆಂಟು ಸ್ಪ್ರಿಂಗಿನ ಮೂಲಕ ಹರಿಯಬಾರದು. ಹರಿದರೆ ಅದೂ ಕಾದು ತನ್ನ ಬಿಗಿ ಕಳೆದುಕೊಳ್ಳುತ್ತದೆ. ಸ್ಪ್ರಿಂಗನ್ನು ಎಳೆಯುವುದಕ್ಕಷ್ಟೇ ಬಿಟ್ಟು, ಬಾಗುವ ತಾಮ್ರದ ವೈರನ್ನು ತಂತಿಯ ತುದಿಗೆ ಬೇರೆಯಾಗಿ ಜೋಡಿಸಿ.

ಸಾಮಾನ್ಯ ಬೆಸುಗೆ ನೈಕ್ರೋಮಿಗೆ ಅಂಟುವುದಿಲ್ಲ. ಅಂಟಿದರೂ ಆ ಕಾವಿಗೆ ಕರಗಿ ಬಿಡುತ್ತದೆ. ಹಿತ್ತಾಳೆಯ ಸ್ಕ್ರೂ ಟರ್ಮಿನಲ್ಲಿಗೆ ಸಿಕ್ಕಿಸಿ ಬಿಗಿಯುವುದೇ ಸರಿ.

ಪ್ರಶ್ನೆ: ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ ಹಾಕಿದ್ದೇನೆ. ಅದು ಕೈ ಸುಡುವಷ್ಟು ಕಾಯುತ್ತದೆ, ತಂತಿ ಮಾತ್ರ ಬೆಚ್ಚಗಾಗುವುದಿಲ್ಲ. ಒಮ್ಮೊಮ್ಮೆ ಗುಂಡಿ ಬಿಟ್ಟ ಮೇಲೂ ತಂತಿ ಕಾಯುತ್ತಲೇ ಇರುತ್ತದೆ.

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. ಮಾಸ್ಫೆಟ್ ಎಂದರೆ ಮೂರು ಕಾಲಿನ ಎಲೆಕ್ಟ್ರಾನಿಕ್ ಸ್ವಿಚ್ಚು: ಗೇಟ್ ಎಂಬ ಕಾಲಿಗೆ ವೋಲ್ಟ್ ಕೊಟ್ಟರೆ ಡ್ರೇನಿನಿಂದ ಸೋರ್ಸಿಗೆ ಕರೆಂಟು ಹರಿಯುತ್ತದೆ.

ಮೊದಲನೆಯದು ಮಾಸ್ಫೆಟ್‌ನ ಆಯ್ಕೆ. ಐಆರ್‌ಎಫ್‌ಝಡ್44ಎನ್ ಪೂರ್ತಿ ತೆರೆಯಲು ಅದರ ಗೇಟಿಗೆ 10 ವೋಲ್ಟ್ ಬೇಕು. ಒಂದು ಸೆಲ್ಲು ಕೊಡುವ 3.7 ವೋಲ್ಟಿಗೆ ಅದು ಅರೆಬರೆ ತೆರೆದು, ತಂತಿಯಲ್ಲಿ ಹುಟ್ಟಬೇಕಾದ ಕಾವನ್ನು ತಾನೇ ನುಂಗುತ್ತದೆ. ಹೆಸರಲ್ಲಿ 'ಎಲ್' ಇರುವ ಐಆರ್‌ಎಲ್‌ಝಡ್44ಎನ್ ಕಡಿಮೆ ವೋಲ್ಟಿಗೇ ತೆರೆಯುತ್ತದೆ, 2 ಆಂಪಿಯರಿಗೆ ಅದಕ್ಕೆ ಹೀಟ್‌ಸಿಂಕ್ ಕೂಡ ಬೇಡ.

ಎರಡನೆಯದು ಗೇಟನ್ನು ಗಾಳಿಯಲ್ಲಿ ಬಿಟ್ಟಿರುವುದು. ಗೇಟು ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ, ಗುಂಡಿ ಬಿಟ್ಟ ಮೇಲೂ ಚಾರ್ಜು ಅಲ್ಲೇ ಉಳಿಯುತ್ತದೆ. ಗೇಟಿನಿಂದ ಸೋರ್ಸಿಗೆ 10 ಕಿಲೋ-ಓಮ್ ರೆಸಿಸ್ಟರ್ ಹಾಕಿ, ಚಾರ್ಜು ಇಳಿದುಹೋಗಲು ದಾರಿಯಾಗುತ್ತದೆ. ಈ ಒಂದು ರೆಸಿಸ್ಟರ್ ಮರೆತದ್ದರಿಂದಲೇ ಚೀಲದಲ್ಲಿಟ್ಟ ಉಪಕರಣ ತಾನಾಗಿ ಹೊತ್ತಿಕೊಳ್ಳಬಹುದು. ಹಾಗಾಗಿ ಬೇರೆಲ್ಲದಕ್ಕಿಂತ ಮೊದಲು ಅದನ್ನು ಬೆಸೆಯಿರಿ.

ಪೂರ್ತಿ ಜೋಡಣೆ ಹೀಗಿರಲಿ: ಸೆಲ್ಲಿನ ಪ್ಲಸ್ಸಿನ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್, ಅಲ್ಲಿಂದ ರಕ್ಷಣಾ ಬೋರ್ಡು (ಇದರ ವಿವರ ಮುಂದಿನ ಉತ್ತರದಲ್ಲಿದೆ). ಬೋರ್ಡಿನ ಔಟ್ ಪ್ಲಸ್ಸಿನಿಂದ ತಂತಿ, ತಂತಿಯ ಇನ್ನೊಂದು ತುದಿ ಡ್ರೇನಿಗೆ, ಸೋರ್ಸ್ ಬೋರ್ಡಿನ ಔಟ್ ಮೈನಸ್ಸಿಗೆ. ಗುಂಡಿ ಬೋರ್ಡಿನ ಪ್ಲಸ್ಸಿಗೂ ಗೇಟಿಗೂ ನಡುವೆ. ಪುಟ್ಟ ಒತ್ತುಗುಂಡಿ ತಾಳುವುದು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಮಾತ್ರ. ತಂತಿಯ ಕರೆಂಟನ್ನು ನೇರವಾಗಿ ಅದರ ಮೂಲಕ ಹರಿಸಿದರೆ ಒಳಗಿನ ತಗಡು ಕಚ್ಚಿಕೊಂಡು ನಿಂತುಬಿಡುತ್ತದೆ. ಅದಕ್ಕೇ ಇಲ್ಲಿ ಮಾಸ್ಫೆಟ್ ಬೇಕಾಗಿರುವುದು.

ಪ್ರಶ್ನೆ: '9900 ಮಿಲಿಆಂಪಿಯರ್-ಅವರ್' ಎಂದು ಬರೆದ ಸೆಲ್ಲು ಅಗ್ಗಕ್ಕೆ ಸಿಗುತ್ತಿದೆ, ತೆಗೆದುಕೊಳ್ಳಲೇ? ಟಿಪಿ4056 ಚಾರ್ಜಿಂಗ್ ಬೋರ್ಡು ಒಂದಿದ್ದರೆ ಸಾಕೇ?

ಉತ್ತರ: ತೆಗೆದುಕೊಳ್ಳಬೇಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಆ ಡಬ್ಬಿಯಲ್ಲಿ 9900 ಹಿಡಿಸುವುದೇ ಇಲ್ಲ. ಒಳ್ಳೆಯ ಸೆಲ್ಲುಗಳಲ್ಲಿ 2500ರಿಂದ 3500 ಇರುತ್ತದೆ. ತೂಗಿ ನೋಡಿ: ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ಬರುತ್ತದೆ, ತೀರಾ ಹಗುರವಾಗಿದ್ದರೆ ಒಳಗೆ ಸರಕೇ ಕಡಿಮೆ.

ಡಿಡಬ್ಲ್ಯು01 ಚಿಪ್ ಕೂಡ ಇರುವ ಟಿಪಿ4056 ಬೋರ್ಡನ್ನೇ ಕೇಳಿ ಪಡೆಯಿರಿ. ಟಿಪಿ4056 ಚಾರ್ಜು ಮಾಡುತ್ತದೆ ಅಷ್ಟೇ. ಸೆಲ್ಲು 2.4 ವೋಲ್ಟಿನ ಆಸುಪಾಸಿಗೆ ಇಳಿದಾಗ ಕರೆಂಟು ಕಡಿಯುವುದು, ಶಾರ್ಟ್ ಆದರೆ ನಿಲ್ಲಿಸುವುದು ಡಿಡಬ್ಲ್ಯು01. ಅಷ್ಟು ಕೆಳಗೆ ಇಳಿಯುವ ತನಕ ಕಾಯದೆ ನೀವೇ 3 ವೋಲ್ಟಿಗೆ ನಿಲ್ಲಿಸಿದರೆ ಸೆಲ್ಲು ಬಹುಕಾಲ ಬಾಳುತ್ತದೆ. ಚಾರ್ಜಿಗೆ ಹಾಕಿರುವಾಗ ತಂತಿ ಉರಿಸಬೇಡಿ. ಕರೆಂಟು 100 ಮಿಲಿಆಂಪಿಯರಿಗೆ ಇಳಿದರೆ ಸೆಲ್ಲು ತುಂಬಿತೆಂದು ಚಿಪ್ ತಿಳಿಯುತ್ತದೆ, ತಂತಿ ಎಳೆಯುತ್ತಿದ್ದರೆ ಆ ಲೆಕ್ಕ ತಪ್ಪುತ್ತದೆ.

ಸೆಲ್ಲಿನ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು, ಮುಖ್ಯವಾಗಿ ಪ್ಲಸ್ ತುದಿಯ ಅಂಚನ್ನು, ಬೆಳಕಿಗೆ ಹಿಡಿದು ನೋಡಿ. ನಡುವಿನ ಗುಬ್ಬಿ ಪ್ಲಸ್. ಅದರ ಸುತ್ತಲಿನ ಅಂಚು ಮೈನಸ್, ಏಕೆಂದರೆ ಇಡೀ ಡಬ್ಬಿಯೇ ಮೈನಸ್. ಎರಡರ ನಡುವೆ ಇರುವುದು ಕಾಗದದಷ್ಟು ತೆಳುವಾದ ಒಂದು ಬಿಳಿ ಬಳೆ. ಹೊದಿಕೆ ಉಗುರಿನಷ್ಟು ಹರಿದಿದ್ದರೂ ಹೋಲ್ಡರಿನ ತಗಡು ತಗುಲಿ ಶಾರ್ಟ್ ಆಗಬಹುದು. ಬಳೆ ಹಾಕಿ, ಹೊಸ ಹೊದಿಕೆ ತೊಡಿಸಿದ ಮೇಲೇ ಬಳಸಿ. ಸೆಲ್ಲಿಗೆ ನೇರವಾಗಿ ಬೆಸುಗೆ ಕಾವು ಮುಟ್ಟಿಸಬೇಡಿ, ಒಳಗಿನ ಪದರಗಳು ಹಾಳಾಗುತ್ತವೆ.

ಪ್ರಶ್ನೆ: ಬಳಸಿ ಬಿಸಾಡಿದ ಇ-ಸಿಗರೇಟುಗಳಲ್ಲಿರುವ ಸಣ್ಣ ಸೆಲ್ಲು ಈ ಕೆಲಸಕ್ಕೆ ಆಗುತ್ತದೆಯೇ?

ಉತ್ತರ: ಕತ್ತರಿಸುವ ಉಪಕರಣಕ್ಕೆ ಆಗದು, ಪುಟ್ಟ ಎಲ್‌ಇಡಿ ದೀಪಕ್ಕೆ ಆಗುತ್ತದೆ. ಒಂದು ಸಲ ಬಳಸಿ ಎಸೆಯಲೆಂದೇ ಮಾಡಿದ್ದರೂ ಅವುಗಳಲ್ಲಿ ಮತ್ತೆ ಚಾರ್ಜು ಮಾಡಬಹುದಾದ ಲಿಥಿಯಂ ಸೆಲ್ಲು ಇರುತ್ತದೆ. ಅವು ಕೆಲವೇ ಸೆಕೆಂಡು ಕರೆಂಟು ಕೊಟ್ಟು ಸುಮ್ಮನಾಗುವ ಕೆಲಸಕ್ಕಿದ್ದವು, ನಿಮಿಷಗಟ್ಟಲೆ 1.7 ಆಂಪಿಯರ್ ಎಳೆದರೆ ಕಾದು ಕೆಡುತ್ತವೆ.

ಬಿಚ್ಚುವಾಗ ಕೈಗವಸು ಕಡ್ಡಾಯ. ಒಳಗಿನ ಹತ್ತಿಯಲ್ಲಿ ಉಳಿದ ನಿಕೋಟಿನ್ ದ್ರವ ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಮಕ್ಕಳಿರುವ ಕಡೆ ಆ ಹತ್ತಿ ಬೀಳಲೇಬಾರದು. ಗರಗಸ ಬೇಡ, ತುದಿಯ ಮುಚ್ಚಳ ಎಳೆದು ಸೆಲ್ಲನ್ನು ಹೊರಗೆ ತೆಗೆಯಿರಿ. ವೋಲ್ಟೇಜ್ 2ಕ್ಕಿಂತ ಕೆಳಗಿದ್ದರೆ ಅದರ ಆಸೆ ಬಿಡಿ: ಒಳಗಿನ ತಾಮ್ರ ಕರಗಿರಬಹುದು, ಚಾರ್ಜು ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಚೆನ್ನಾಗಿರುವ 500 ಮಿಲಿಆಂಪಿಯರ್-ಅವರ್‌ನ ಸೆಲ್ಲಿಗೂ ಟಿಪಿ4056ರ 1 ಆಂಪಿಯರ್ ಅತಿಯಾಯಿತು. ಬೋರ್ಡಿನಲ್ಲಿರುವ 1.2 ಕಿಲೋ-ಓಮ್ ರೆಸಿಸ್ಟರ್ ತೆಗೆದು 5 ಕಿಲೋ-ಓಮ್ ಹಾಕಿದರೆ ಚಾರ್ಜಿಂಗ್ ಕರೆಂಟು 250 ಮಿಲಿಆಂಪಿಯರಿಗೆ ಇಳಿಯುತ್ತದೆ.

ಪ್ರಶ್ನೆ: ಇದೇ ಸರ್ಕ್ಯೂಟಿಗೆ 0.2 ಓಮ್ ಸುರುಳಿ ಹಾಕಿದರೆ ಮನೆಯಲ್ಲೇ ಇ-ಸಿಗರೇಟ್ ಮಾಡಬಹುದಲ್ಲವೇ?

ಉತ್ತರ: ಮಾಡಬೇಡಿ. 0.2 ಓಮಿಗೆ 4.2 ವೋಲ್ಟ್ ಎಂದರೆ 21 ಆಂಪಿಯರ್. ಈ ಫ್ಯೂಸು, ಬೋರ್ಡು, ಹೋಲ್ಡರಿನ ಸ್ಪ್ರಿಂಗು ಯಾವುದೂ ಅದರ ಹತ್ತಿರಕ್ಕೂ ಬರುವುದಿಲ್ಲ, ಹೆಚ್ಚಿನ 18650 ಸೆಲ್ಲುಗಳಿಗೂ ಅದು ಮಿತಿ ಮೀರಿದ್ದು. ರಕ್ಷಣೆ ಕಿತ್ತುಹಾಕಿ ನೇರವಾಗಿ ಜೋಡಿಸಿದರೆ, ಮುಖದ ಮುಂದೆ ಹಿಡಿಯುವ ಮುಚ್ಚಿದ ಡಬ್ಬಿಯಲ್ಲಿ ಸೆಲ್ಲಿನ ಅನಿಲ ಹೊರಹೋಗಲು ಜಾಗವಿರುವುದಿಲ್ಲ. ಅದು ಸಿಡಿಯಬಹುದು.

ಸರ್ಕ್ಯೂಟು ಸರಿಯಿದ್ದರೂ ಉಸಿರಿಗೆ ಹೋಗುವುದರ ಪ್ರಶ್ನೆ ಹಾಗೇ ಉಳಿಯುತ್ತದೆ. ಹತ್ತಿ ಒಣಗಿದಾಗ ಸುರುಳಿ ಮಿತಿಮೀರಿ ಕಾದು, ದ್ರವದಲ್ಲಿರುವ ಗ್ಲಿಸರಿನ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಹುಟ್ಟುತ್ತವೆ. ಬೆಸುಗೆಯ ಸೀಸ, ಫ್ಲಕ್ಸ್‌ನ ಹೊಗೆ ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲಿ ಇರಲೇಬಾರದು. ಮನೆಯ ಮೇಜಿನ ಮೇಲೆ ಇದನ್ನೆಲ್ಲ ಅಳೆಯುವ ಸಾಧನ ಯಾರಲ್ಲೂ ಇರುವುದಿಲ್ಲ.

ಪ್ರಶ್ನೆ: ಕಾವು ಹೆಚ್ಚು ಕಡಿಮೆ ಮಾಡಲು, ತಂತಿಯನ್ನು ಬೇಗಬೇಗ ಆನ್-ಆಫ್ ಮಾಡುವ ಟೈಮರ್ ಚಿಪ್ ಎನ್‌ಇ555 ಹಾಕಿದೆ. ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಇಲ್ಲ.

ಉತ್ತರ: ಎನ್‌ಇ555ಗೆ ಕನಿಷ್ಠ 4.5 ವೋಲ್ಟ್ ಬೇಕು, ನಿಮ್ಮ ಸೆಲ್ಲಿನಲ್ಲಿ ಅಷ್ಟು ಎಂದೂ ಇರುವುದಿಲ್ಲ. 2 ವೋಲ್ಟಿಗೇ ನಡೆಯುವ ಟಿಎಲ್‌ಸಿ555 ಹಾಕಿ. ಕಾಲುಗಳ ಜೋಡಣೆ ಅದೇ. 100 ಕಿಲೋ-ಓಮ್ ಪೊಟೆನ್ಶಿಯೋಮೀಟರ್ (ತಿರುಗಿಸಿ ಆನ್ ಇರುವ ಹೊತ್ತು ಬದಲಿಸುವ ರೆಸಿಸ್ಟರ್), ಎರಡು 1ಎನ್4148 ಡಯೋಡು, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇದ್ದರೆ ಸೆಕೆಂಡಿಗೆ ಸುಮಾರು 140 ಸಲ ಆನ್-ಆಫ್ ಆಗುತ್ತದೆ, ತಂತಿಗೆ ಇಷ್ಟು ಧಾರಾಳ. ಗುಂಡಿಯನ್ನು ಈಗ 555ರ ಪ್ಲಸ್ ಸರಬರಾಜಿಗೆ ವರ್ಗಾಯಿಸಿ, ಗೇಟಿನ 10 ಕಿಲೋ-ಓಮ್ ಹಾಗೇ ಇರಲಿ.

ಪ್ರಶ್ನೆ: ಪಿವಿಸಿ ಹಲಗೆಯನ್ನೂ ಇದರಲ್ಲಿ ಕತ್ತರಿಸಬಹುದೇ?

ಉತ್ತರ: ಬೇಡ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಅದು ಗಂಟಲನ್ನೂ ಕಣ್ಣನ್ನೂ ಸುಡುವ ಆಮ್ಲ. ಥರ್ಮೋಕೋಲಿನ ಹೊಗೆಯಲ್ಲೂ ಸ್ಟೈರೀನ್ ಇರುವುದರಿಂದ ಕಿಟಕಿ ತೆರೆದು, ಫ್ಯಾನಿನ ಗಾಳಿ ನಿಮ್ಮಿಂದ ಹೊರಕ್ಕೆ ಬೀಸುವ ಹಾಗೆ ಕುಳಿತು ಕೆಲಸ ಮಾಡಿ.