ಮನೆಯಲ್ಲಿರುವವರ ದುಡಿಮೆಗೂ ಬೆಲೆ ಉಂಟು

ಹೊಸನಗರ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಾಲ್ಕು ತಿಂಗಳ ಹಿಂದೆ ನನ್ನ ಹೆಂಡತಿ ಡೈರಿಗೆ ಹಾಲು ಹಾಕಿ ಬರುವಾಗ ಪಕ್ಕದ ಮನೆ ಹುಡುಗನ ಬೈಕು ಗುದ್ದಿತು. ಸೊಂಟದ ಮೂಳೆ ಮುರಿಯಿತು. ಊರವರು ಸೇರಿ ರಾಜಿ ಮಾಡಿಸಿದರು. ಅವರು ಐವತ್ತು ಸಾವಿರ ಕೊಟ್ಟರು, ನಾವು ಪೊಲೀಸರಿಗೆ ಹೇಳಲಿಲ್ಲ. ಈಗ ಮಗಳು ಪರಿಹಾರಕ್ಕೆ ಕೇಸು ಹಾಕು ಅನ್ನುತ್ತಾಳೆ. ದಿನಾ ಮುಖ ನೋಡುವವರ ಮೇಲೆ ಕೇಸು ಹಾಕುವುದು ಸರಿಯೇ? ಆಕೆಗೆ ಸಂಪಾದನೆಯೂ ಇಲ್ಲವಲ್ಲ?’

ಉತ್ತರ: ಹಿರಿಯರೇ, ನೆರೆಹೊರೆ ಮುಖ್ಯ, ಒಪ್ಪಿದೆ. ಮಳೆಗಾಲದ ರಾತ್ರಿ ದಾರಿಗೆ ಮರ ಬಿದ್ದರೆ ಕತ್ತಿ ಹಿಡಿದು ಓಡಿ ಬರುವವರು ಪಕ್ಕದ ಮನೆಯವರೇ. ಆದರೂ ನಿಮ್ಮ ಮಗಳ ಮಾತೇ ಸರಿ.

ರಸ್ತೆಗಿಳಿಯುವ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಆ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ ಮಾಡಿರುವುದೇ ಇಂಥ ದಿನಕ್ಕೆ. ಹುಡುಗನಿಗೆ ಲೈಸೆನ್ಸ್ ಇದ್ದು ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ, ಪರಿಹಾರ ಕಟ್ಟಿಕೊಡಬೇಕಾದ್ದು ಕಂಪನಿ. ನಿಮ್ಮ ರಾಜಿಯಲ್ಲಿ ಆಗಿದ್ದೇನು? ನೆರೆಮನೆಯವರು ಕೈಯಿಂದ ಹಣ ಕಳೆದುಕೊಂಡರು. ನಿಮಗೆ ಸಿಗಬೇಕಾದ್ದು ಸಿಗಲಿಲ್ಲ. ಕಂಪನಿ ಮಾತ್ರ ಒಂದು ರೂಪಾಯಿ ಬಿಚ್ಚಲಿಲ್ಲ. ಹುಡುಗನ ಮೇಲೆ ಪೊಲೀಸ್ ಕೇಸು ಬೇರೆಯೇ ಆಗುತ್ತದೆ, ಅದು ನಿಜ. ಆದರೆ ನಡೆಯಲಾಗದೆ ಕೂತಿರುವವರು ನಿಮ್ಮ ಮನೆಯವರು.

ನಿಮ್ಮ ಪತ್ರದ ಕೊನೆಯ ಸಾಲು ನನಗೆ ತುಂಬಾ ನೋವು ಕೊಟ್ಟಿತು. ಸಂಪಾದನೆ ಇಲ್ಲವಂತೆ! ಕೊಟ್ಟಿಗೆ ಬಾಚಿದ್ದು ಯಾರು? ಹಾಲು ಕರೆದು ಡೈರಿಗೆ ಒಯ್ದದ್ದು ಯಾರು? ಸೊಪ್ಪು ಹೊತ್ತು, ಅಡಿಕೆ ಸುಲಿದು, ಆಳುಗಳಿಗೆಲ್ಲ ಅಡುಗೆ ಮಾಡಿ ಬಡಿಸಿದ್ದು ಯಾರು? ಈಗ ಅಷ್ಟಕ್ಕೂ ಆಳು ಇಟ್ಟು ನೋಡಿ, ಲೆಕ್ಕ ತಿಳಿಯುತ್ತದೆ.

ಇದು ನನ್ನೊಬ್ಬನ ಮಾತಲ್ಲ. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಪ್ರಶ್ನೆ ಕೀರ್ತಿ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2021ರ ಜನವರಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸರ್ಕಾರದ್ದೇ 2019ರ ಸಮೀಕ್ಷೆಯನ್ನು ಮುಂದಿಟ್ಟರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಸಂಬಳ ಇಲ್ಲದಿದ್ದರೂ ಗೃಹಿಣಿಗೆ ಇಷ್ಟು ಆದಾಯವೆಂದು ಅಂದಾಜು ಮಾಡಿ ಪರಿಹಾರ ಕೊಡಬೇಕು ಎಂಬುದನ್ನು ಆ ತೀರ್ಪು ಗಟ್ಟಿ ಮಾಡಿತು. ಗಾಯಾಳುಗಳಿಗೆ ಆಸ್ಪತ್ರೆ ಖರ್ಚಷ್ಟೇ ಅಲ್ಲ. ಪಟ್ಟ ನೋವಿಗೆ, ದುಡಿಯಲಾಗದ ತಿಂಗಳುಗಳಿಗೆ, ಮುಂದೆಯೂ ಉಳಿಯುವ ಊನಕ್ಕೆ ಬೇರೆ ಬೇರೆ ಲೆಕ್ಕ ಉಂಟು. ಊರ ಕಟ್ಟೆಯ ರಾಜಿಯಲ್ಲಿ ಇದನ್ನೆಲ್ಲ ಯಾರು ಕೂಡಿಸಿದರು? ನಾನು ಕಂಡ ಇಂಥ ಪಂಚಾಯ್ತಿಗಳಲ್ಲೆಲ್ಲ ಮಾತಾಡಿದ್ದು ಗಂಡಸರು. ಪೆಟ್ಟು ತಿಂದಾಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಈಗ ತಡ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪಘಾತವಾಗಿ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಪೊಲೀಸರಿಗೆ ದೂರು ಕೊಟ್ಟಿದ್ದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದೆಂದು ಅದೇ ಕೋರ್ಟು 2011ರಲ್ಲಿ ಹೇಳಿದೆ. ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಔಷಧಿ ಬಿಲ್ಲು, ರಾಜಿ ಪತ್ರ, ಎಲ್ಲವನ್ನೂ ವಕೀಲರ ಮುಂದಿಡಿ. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ರಾಜಿಯೇ ಬೇಕು ಅನಿಸಿದರೆ ಲೋಕ ಅದಾಲತ್ತಿನಲ್ಲಿ ಕಂಪನಿಯನ್ನು ಕೂರಿಸಿಕೊಂಡು ಮಾಡಿಕೊಳ್ಳಿ.

ಬೈಕಿಗೆ ಇನ್ಶೂರೆನ್ಸೇ ಇಲ್ಲದಿದ್ದರೆ ಹೊರೆ ಆ ಮನೆಯವರ ಮೇಲೇ ಬೀಳುತ್ತದೆ. ನಮ್ಮ ಕಡೆ ಇದೊಂದು ದೊಡ್ಡ ರೋಗ. ಹಳ್ಳಿಯೊಳಗೆ ತಾನೇ ಓಡಿಸುವುದು ಅಂತ ರಿನ್ಯೂ ಮಾಡಿಸುವುದಿಲ್ಲ. ಇದಕ್ಕಿಂತ ಭಯ ಹುಟ್ಟಿಸುವುದು ಅಡಿಕೆ ಕೊಯ್ಲಿನ ಕಾಲ. ತೀರ್ಥಹಳ್ಳಿ, ಸಾಗರ, ಹೊಸನಗರ, ಎಲ್ಲಿ ನೋಡಿದರೂ ಪಿಕಪ್ಪಿನ ಹಿಂದೆ ಹೆಂಗಸರು ನಿಂತುಕೊಂಡೇ ಘಟ್ಟದ ತಿರುವು ದಾಟುತ್ತಾರೆ. ಗೂಡ್ಸ್ ಗಾಡಿಯಲ್ಲಿ ಸುಮ್ನೆ ಹತ್ತಿದ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಇಪ್ಪತ್ತು ವರ್ಷ ದಾಟಿದೆ. ಗಾಡಿ ಮಗುಚಿದರೆ ಆ ಮನೆಗಳಿಗೆ ಗತಿ ಯಾರು? ತೋಟದ ಯಜಮಾನರೇ, ಈ ಸಲ ಆಳು ಕರೆಸುವಾಗ ಜನರನ್ನು ಕೂರಿಸಲು ಪರ್ಮಿಟ್ ಇರುವ ಗಾಡಿಯನ್ನೇ ಕಳಿಸಿ. ಹತ್ತಿಸುವ ಮುಂಚೆ ಅದರ ಇನ್ಶೂರೆನ್ಸ್ ಕಾಗದ ಕೇಳಿ ನೋಡಿ.