ತೋಟದ ಹೆಸರಿನ ಬೆಳ್ಳಿ ನಾಣ್ಯ ಕೂಲಿಗೆ ಸಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಕಾಫಿ ತೋಟದ ಹೆಸರಿನಲ್ಲಿ 10 ಗ್ರಾಂ ಬೆಳ್ಳಿ ನಾಣ್ಯ ಮಾಡಿಸಿ, ಕುಯ್ಲಿನ ಸಮಯದಲ್ಲಿ ಕೂಲಿಯ ಒಂದು ಭಾಗವಾಗಿ ಕೊಟ್ಟು, ತೋಟದ ಅಂಗಡಿಯಲ್ಲಿ ಅದಕ್ಕೆ ಸಾಮಾನು ಕೊಡಬಹುದೇ? ಬೆಳ್ಳಿ ಅಪ್ಪಟ, ಮೋಸವೇನಿಲ್ಲ.
– ಓದುಗರು, ಸುಂಟಿಕೊಪ್ಪ

ಉತ್ತರ: ದಯವಿಟ್ಟು ಬೇಡ. ಬೆಳ್ಳಿ ಅಪ್ಪಟವೋ ಅಲ್ಲವೋ ಎಂಬುದನ್ನು ಕಾನೂನು ಇಲ್ಲಿ ಕೇಳುವುದೇ ಇಲ್ಲ. ಹಣವಾಗಿ ಬಳಸಲೆಂದು ಲೋಹದ ಬಿಲ್ಲೆ ಮಾಡಿಸುವುದು, ಮುದ್ರೆ ಇರಲಿ ಇಲ್ಲದಿರಲಿ, ಸರ್ಕಾರದ ಅಧಿಕಾರವಿಲ್ಲದಿದ್ದರೆ 2011ರ ನಾಣ್ಯ ಕಾಯ್ದೆಯಡಿ ಅಪರಾಧ. 1889ರ ಲೋಹದ ಟೋಕನ್ ಕಾಯ್ದೆಯಿಂದಲೇ ಬಂದ ನಿಷೇಧವಿದು. ಖೋಟಾ ನಾಣ್ಯವೆಂದರೆ ಸರ್ಕಾರಿ ನಾಣ್ಯದ ನಕಲು. ನಿಮ್ಮದು ನಕಲಲ್ಲ, ಆದರೂ ಉದ್ದೇಶವೇ ಸಿಕ್ಕಿಸುತ್ತದೆ.

ಕೂಲಿಯದು ಇನ್ನೂ ಗಂಭೀರ. ಅದನ್ನು ಚಲಾವಣೆಯ ನಾಣ್ಯ, ನೋಟು, ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಕೊಡಬೇಕು. ಬೆಳ್ಳಿ ದರ ಇಳಿದ ದಿನ ನಷ್ಟ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರದು, ನಿಮ್ಮ ಅಂಗಡಿ ಬಿಟ್ಟು ಬೇರೆಡೆ ಕೊಳ್ಳುವ ಸ್ವಾತಂತ್ರ್ಯವೂ ಅವರಿಗಿರುವುದಿಲ್ಲ. ‘ಇದನ್ನು ತಂದವರಿಗೆ 100 ರೂಪಾಯಿ ಕೊಡುತ್ತೇವೆ’ ಎಂಬ ಕಾಗದದ ಚೀಟಿಯೂ ಸಲ್ಲದು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ತಡೆಯುತ್ತದೆ.

ಹೋಂಸ್ಟೇಗೆ ಬಂದವರಿಗೆ ನೆನಪಿನ ಕಾಣಿಕೆಯಾಗಿ ಮಾರುವುದಾದರೆ ಅಡ್ಡಿಯಿಲ್ಲ. ರೂಪಾಯಿ ಚಿಹ್ನೆ, ಮುಖಬೆಲೆ, ಅಶೋಕ ಸಿಂಹ ಯಾವುದೂ ಬೇಡ. ‘ಬೆಳ್ಳಿ 999, 10 ಗ್ರಾಂ’ ಎಂದಷ್ಟೇ ಕೆತ್ತಿಸಿ. ಜಿಎಸ್‌ಟಿ ನೋಂದಣಿ ಇದ್ದರೆ ಶೇ. 3 ಸೇರಿಸಿ ಬಿಲ್ ಕೊಡಿ. ಊಟದ ಬಿಲ್ಲಿಗೆ ಅದನ್ನು ವಾಪಸು ತೆಗೆದುಕೊಂಡಿರೋ, ಮತ್ತೆ ಹಣದ ದಾರಿಗೇ ಬಂದಂತೆ.

ಪ್ರಶ್ನೆ: ಅಜ್ಜಿಯ ಕಾಲದ ಎರಡು ಪವನುಗಳಿವೆ (ಚಿನ್ನದ ನಾಣ್ಯಗಳು), ಒಂದಕ್ಕೆ ಪತ್ತಾಕಿನ (ಕೊಡವರ ಕಂಠಾಭರಣದ) ಕೊಂಡಿ ಬೆಸೆದಿದೆ. ಕೈಸಾಲಕ್ಕೆ ಇವನ್ನೇ ಕೊಟ್ಟರೆ ಸಾಲ ಕೊಟ್ಟವರು ಬೇಡವೆನ್ನಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಧಾರಾಳವಾಗಿ ಬೇಡವೆನ್ನಬಹುದು. ಇಲ್ಲಿ ಚಿನ್ನ ಆಸ್ತಿ, ಚಲಾವಣೆಯ ಹಣವಲ್ಲ. (ಸರ್ಕಾರಿ ನಾಣ್ಯಕ್ಕೂ ಮಿತಿಯಿದೆ: ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ 1000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ತೆಗೆದುಕೊಳ್ಳಲೇಬೇಕೆಂದಿಲ್ಲ.) ಅವರು ಒಪ್ಪಿದರೆ ಮಾತ್ರ ಸಾಲ ತೀರುತ್ತದೆ.

ಒಪ್ಪಿದರೆ ಮೊದಲು ತೂಕ ಮಾಡಿಸಿ. ಹಳೆಯ ಬ್ರಿಟಿಷ್ ಪವನು 7.98 ಗ್ರಾಂ, 22 ಕ್ಯಾರೆಟ್; ಅದರಲ್ಲಿ ಶುದ್ಧ ಚಿನ್ನ ಸುಮಾರು 7.32 ಗ್ರಾಂ. ಚಿನ್ನದಂಗಡಿಯ ಮಾತಿನ ‘ಪವನು’ 8 ಗ್ರಾಂ. ಜಗಳ ಹುಟ್ಟುವುದು ಇಲ್ಲಿಯೇ. ಬೆಸುಗೆ ಬಿದ್ದದ್ದರ ತೂಕದಲ್ಲಿ ಕೊಂಡಿಯೂ ಸೇರಿರುತ್ತದೆ, ಸಂಗ್ರಾಹಕರ ಬೆಲೆಯೂ ಅದಕ್ಕೆ ಸಿಗದು. ಕೊಂಡಿಯಿಲ್ಲದ್ದನ್ನು ಬೇರೆಯಾಗಿಯೇ ಬೆಲೆ ಕಟ್ಟಿಸಿ. ತೂಕ, ಶುದ್ಧತೆ, ಆ ದಿನದ ದರ, ತೀರಿದ ಸಾಲದ ಮೊತ್ತ ಬರೆದು ಇಬ್ಬರೂ ಸಹಿ ಹಾಕಿ. ಹೀಗೆ ಕೊಡುವುದೂ ಆಸ್ತಿ ವರ್ಗಾವಣೆಯೇ ಆದ್ದರಿಂದ ಬಂಡವಾಳ ಲಾಭದ ತೆರಿಗೆ ನಿಮಗೆ ಬರಬಹುದು. ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ.